ನಾಗ ಒಪ್ಪಿದ ಮೇಲೆ ನೇರವಾದ ರಸ್ತೆ

ಮುಳ್ಳೇರಿಯ ಪೇಟೆಯನ್ನು ದಾಟಿ ಗುಡ್ಡ ಹತ್ತಿ ಇಳಿದು ಗಡಿಯ ಕಡೆಗೆ ಸಾಗುವ ನಮ್ಮೂರ ರಸ್ತೆಗೆ ರಾಜ್ಯ ಹೆದ್ದಾರಿ ಎಂದು ಹೆಸರು. ಹೆಸರಿಡಲು ಡಾಮರು ಬೇಕಾಗಿಲ್ಲವಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಎದುರುಬದುರು ಎರಡು ಬಸ್ಸು ಬಂದರೆ ಒಂದು ಬಸ್ಸು ಚರಂಡಿಗೆ ಇಳಿದು ಮರ್ಯಾದೆ ತೋರಿಸಬೇಕಿತ್ತು.

ಅದಕ್ಕೂ ಹಿಂದೆ ಅದು ಎತ್ತಿನ ಗಾಡಿಯ ದಾರಿ. ಗುಡ್ಡ ಕಡಿದು ಅಗಲ ಮಾಡಿದವರಲ್ಲಿ ನನ್ನ ಅಜ್ಜನೂ ಒಬ್ಬ. ಕಡಿದವರಿಗೆ ರಸ್ತೆ ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ಅದು ನೇರವಾಗಿ ಬಂದು, ಧಣಿಗಳ ಬಯಲು ಕಂಡದ್ದೇ ತಡ, ದೊಡ್ಡವರ ಎದುರು ಬದಿಗೆ ಸರಿದು ನಿಲ್ಲುವ ಆಳಿನ ಹಾಗೆ ಬಳುಕಿ ನಮ್ಮ ಗುಡ್ಡದ ಕಡೆಗೆ ತಿರುಗಿತು. ಅಳತೆಯವರು ಬಂದಾಗ ಬಯಲಿನ ಅಂಚಿನಲ್ಲಿ ಒಂದು ನಾಗನ ಕಲ್ಲು ಇತ್ತಂತೆ. ನಾಗನನ್ನು ಕದಲಿಸುವುದುಂಟೇ? ರಸ್ತೆಯೇ ಕದಲಿತು. ನಮ್ಮ ಗುಡ್ಡದ ಬುಡದಲ್ಲಿ ಕೆಲವು ಗುಡಿಸಲುಗಳಿದ್ದವು. ಅವುಗಳ ಅಡಿಯಲ್ಲಿ ನಾಗ ಇದ್ದನೋ ಇಲ್ಲವೋ ಎಂದು ನೋಡಲು ಜೋಯಿಸರು ಬರಲಿಲ್ಲ. ಗುಡಿಸಲುಗಳು ಸ್ವಲ್ಪ ಮೇಲಕ್ಕೆ ಹತ್ತಿದವು, ಮುಂದೆ ಅದೇ ನಮ್ಮ ಕಾಲೊನಿಯಾಯಿತು.

ಕಾಲೊನಿಗೆ ಬಸ್ ಸ್ಟಾಪ್ ಇರಲಿಲ್ಲ. ಆಚೆಯದು ದೂರ, ಈಚೆಯದು ಇನ್ನೂ ದೂರ. ಆದರೆ ಆ ತಿರುವಿನಲ್ಲಿ ಎಂಥ ಶೂರ ಡ್ರೈವರನೂ ಬ್ರೇಕು ತುಳಿಯಲೇಬೇಕು. ಅದೇ ನಮ್ಮ ಸ್ಟಾಪ್. ಬಸ್ಸು ನಿಧಾನವಾದೊಡನೆ ಜೊತೆಗೆ ಓಡಿ, ಕಂಬಿ ಹಿಡಿದು ಹತ್ತುವುದು. ಹೆಂಗಸರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಾಯುತ್ತಿದ್ದರು. ನಾವು ಕಾಲೇಜಿನವರು ಪುಸ್ತಕಗಳನ್ನು ಮೊದಲು ಬಾಗಿಲ ಒಳಗೆ ಎಸೆಯುತ್ತಿದ್ದೆವು. ಪುಸ್ತಕ ಹತ್ತಿ ನಾವು ಉಳಿದ ದಿನಗಳೂ ಉಂಟು. ನಮ್ಮದು ಅರೆ ಟಿಕೇಟಿಗೂ ಕಡಿಮೆಯ ಪಾಸಾದ್ದರಿಂದ ಕಂಡಕ್ಟರನಿಗೆ ನಮ್ಮನ್ನು ಕಂಡರೆ ಹಲ್ಲುನೋವು.

"ಓಡಿ ಬನ್ನಿ, ಓಡಿ ಬನ್ನಿ! ಈ ಡಿಗ್ರಿ ಓಡಿದವರಿಗೇ ಕೊಡುವುದಂತೆ!" ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು. ಅದನ್ನು ನಾನು ಓಡಿಯೇ ಪಡೆದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಜಂಬವೇ ಇದೆ. ಈಗ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ.

ಮೊನ್ನೆ ಮೊನ್ನೆ ರಸ್ತೆ ಅಗಲ ಮಾಡುವ ಕೆಲಸ ಬಂತು. ತಿರುವನ್ನು ತೆಗೆದು ಬಯಲಿನ ಅಂಚಿನಲ್ಲೇ ನೇರ ಒಯ್ಯುವುದೆಂದು ನಕ್ಷೆಯಾಯಿತು. ಊರಿಗೆಲ್ಲ ಖುಷಿ, ನನಗೆ ಹೆದರಿಕೆ. ತಿರುವು ಹೋದರೆ ಬಸ್ಸು ನಮ್ಮೆದುರು ಗಾಳಿಯ ಹಾಗೆ ಹೋಗುತ್ತದೆ. ಕಾಲೊನಿಯ ಮಕ್ಕಳು, ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರು, ಮಂಡಿನೋವಿನ ನನ್ನ ಅಮ್ಮ, ಎಲ್ಲಿ ಹತ್ತಬೇಕು? ಇಂಜಿನಿಯರರ ಬಳಿ ಹೋಗಿ ಸ್ಟಾಪ್ ಕೇಳಿದೆ. ಅವರು ಮಲಯಾಳ ಬೆರೆತ ಕನ್ನಡದಲ್ಲಿ ಬಹಳ ವಿನಯದಿಂದಲೇ ಮಾತಾಡಿದರು.

"ಸ್ಟಾಪ್ ಕೊಡ್ಲಿಕ್ಕೆ ಅಲ್ಲಿ ಎಂತ ಉಂಟು ಟೀಚರ್? ಶಾಲೆ ಇಲ್ಲ, ಆಸ್ಪತ್ರೆ ಇಲ್ಲ, ಅಂಬಲ ಇಲ್ಲ, ದೇವಸ್ಥಾನ."

"ಜನ ಇದ್ದಾರಲ್ಲ ಸಾರ್?"

"ಜನ ಎಲ್ಲಾ ಕಡೆ ಇರ್ತಾರೆ ಟೀಚರ್."

ಇನ್ನು ಉಳಿದದ್ದು ನಾಗನ ಭರವಸೆ. ಅಜ್ಜನ ಕಾಲದಲ್ಲಿ ಒಪ್ಪದವನು ಈಗ ಒಪ್ಪುವನೇ? ಆದರೆ ಕಾಲ ಬದಲಾಗಿತ್ತು. ನೇರ ರಸ್ತೆಯ ಬದಿಯ ಬಯಲೆಂದರೆ ಭತ್ತದ ಜಾಗವಲ್ಲ, ಅಂಗಡಿ ಸಾಲಿನ ಜಾಗ. ಧಣಿಗಳು ತೆಂಕಿನಿಂದ ಹೆಸರುವಾಸಿ ಜೋಯಿಸರನ್ನು ಕರೆಸಿ, ಕವಡೆ ಹಾಕಿ ದೇವರ ಮನಸ್ಸು ತಿಳಿಯುವ ಅಷ್ಟಮಂಗಲ ಪ್ರಶ್ನೆ ಇಡಿಸಿದರು. ಬರಬೇಕೆಂದು ಊರಿಗೆಲ್ಲ ಹೇಳಿಕೆ. ಅಮ್ಮನೂ ನಾನೂ ಹೋಗಿ ಅಂಗಳದ ಕೊನೆಯಲ್ಲಿ ಕೂತೆವು. ಮಂತ್ರ, ದೀಪ, ಕವಡೆಗಳ ಸದ್ದು. ಜೋಯಿಸರು ಕಣ್ಣು ಮುಚ್ಚಿ ತೆರೆದರು.

"ನಾಗನಿಗೆ ಇಲ್ಲಿ ನೆಮ್ಮದಿ ಇಲ್ಲ. ಈ ಬಯಲು ಬಿಟ್ಟು ಪಡುವಣಕ್ಕೆ ಹೋಗುವ ಮನಸ್ಸು ಕಾಣ್ತದೆ."

ಇಷ್ಟು ಕಾಲ ಸರಕಾರವನ್ನೇ ತಿರುಗಿಸಿದ ನಾಗ, ಧಣಿಗಳ ಅನುಕೂಲ ನೋಡಿ ಗಂಟುಮೂಟೆ ಕಟ್ಟಿದ. ಪಡುವಣವೆಂದರೆ ಹಳೆಯ ತಿರುವಿನ ಉಳಿಕೆ ಜಾಗ, ನಮ್ಮ ಕಾಲೊನಿಯ ಎದುರು. ಅಲ್ಲಿ ಕಟ್ಟೆ ಕಟ್ಟಿ ಕಲ್ಲನ್ನು ಪ್ರತಿಷ್ಠೆ ಮಾಡುವುದೆಂದಾಯಿತು. ಧಣಿಗಳ ಮುಖ ಅರಳಿತು. ಯಾರಿಗಾದರೂ ಕೇಳುವುದಿದೆಯೇ ಎಂದರು ಜೋಯಿಸರು. ಕೇಳುವವರು ಯಾರೂ ಇರುವುದಿಲ್ಲ ಎಂಬ ಧೈರ್ಯದಲ್ಲಿ ಕೇಳುವ ಮಾತು ಅದು. ನಾನು ಎದ್ದೆ. ಅಮ್ಮ ನನ್ನ ಸೀರೆಯ ತುದಿ ಜಗ್ಗಿದಳು.

"ಕೂತ್ಕೊ ಮಾರಾಯ್ತಿ, ದೋಷ ಬರ್ತದೆ!"

"ಒಂದು ಸಂಶಯ ಜೋಯಿಸರೇ," ಎಂದೆ. "ಕಟ್ಟೆ ರಸ್ತೆ ಬದಿಗೆ ಬರ್ತದಲ್ಲ. ಬಸ್ಸುಗಳು ನಿಲ್ಲದೆ, ಕೈ ಮುಗಿಯದೆ ದಡದಡ ಹೋದರೆ ನಾಗನಿಗೆ ಅಪಚಾರ ಆಗ್ಲಿಕ್ಕಿಲ್ವಾ?"

ಜೋಯಿಸರು ನನ್ನನ್ನು ನೋಡಿದರು, ಧಣಿಗಳನ್ನು ನೋಡಿದರು, ಕೊನೆಗೆ ಕವಡೆಗಳನ್ನು ನೋಡಿದರು. ಆಗುವುದಿಲ್ಲ ಎಂದರೆ ನಾಗನ ಕಾರಣಿಕಕ್ಕೇ, ಮಹಿಮೆಗೇ ಕುಂದು.

"ಆಗ್ತದೆ," ಎಂದರು. "ವಾಹನಗಳು ನಿಂತೇ ಹೋಗಬೇಕು ಎಂದು ಕಾಣ್ತದೆ."

ಧಣಿಗಳು ಹುಬ್ಬು ಗಂಟಿಕ್ಕಿದರು. "ಇದು ನಾಗ ಹೇಳಿದ್ದಾ, ಟೀಚರ್ ಹೇಳಿದ್ದಾ?"

"ಕೇಳಿದ್ದು ಟೀಚರ್, ಹೇಳಿದ್ದು ನಾಗ," ಎಂದು ಜೋಯಿಸರು ಕವಡೆ ಬಾಚಿಕೊಂಡರು.

ಕಟ್ಟೆ ಎದ್ದಿತು. ಎದುರಿಗೆ ಕಾಣಿಕೆ ಡಬ್ಬಿ ನಿಂತಿತು. ಅದೇ ಇಂಜಿನಿಯರರು ಬಂದು, ಚಪ್ಪಲಿ ಕಳಚಿ ಕೈ ಮುಗಿದು, ಸ್ಟಾಪಿನ ಜಾಗಕ್ಕೆ ಗುರುತು ಹಾಕಿಸಿದರು. ಈಗ ಕಾರಣ ಉಂಟಲ್ಲ ಟೀಚರ್, ಎಂದರು. ಕಾಲೊನಿಯ ಮನುಷ್ಯರೆಲ್ಲ ಸೇರಿ ಒಂದು ಕಾರಣವಾಗಿರಲಿಲ್ಲ. ಒಂದು ಕಲ್ಲು ಬಂದು ಕೂತದ್ದೇ ಕಾರಣವಾಯಿತು. ನಾನು ನಾಗನ ಮೇಲೆ ಸಿಟ್ಟಾಗಲಿಲ್ಲ. ಅವನೂ ನಮ್ಮ ಹಾಗೆಯೇ ಎಬ್ಬಿಸಿ ಕಳುಹಿಸಲ್ಪಟ್ಟವನು.

ಹೊಸ ರಸ್ತೆಯಲ್ಲಿ ಮೊದಲ ಬಾರಿ ಬಸ್ಸು ಹತ್ತಲು ಅಮ್ಮನನ್ನು ಕರೆದುಕೊಂಡು ಹೋದೆ. ಬಸ್ಸು ಬಂತು. ಕಟ್ಟೆಯ ಎದುರು ಪೂರ್ತಿ ನಿಂತಿತು. ಡ್ರೈವರ್ ಕಂಡಕ್ಟರನ ಕೈಗೆ ನಾಣ್ಯ ಕೊಟ್ಟ, ಅವನು ಇಳಿದು ಡಬ್ಬಿಗೆ ಹಾಕಿದ. ಅಮ್ಮ ಮಾತ್ರ ನೆರಿಗೆ ಎತ್ತಿ ಹಿಡಿದು, ನೋಯುವ ಮಂಡಿಯಲ್ಲಿ ಕುಂಟುತ್ತ, ನಿಂತ ಬಸ್ಸಿನ ಪಕ್ಕ ಓಡುತ್ತಿದ್ದಳು.

"ಅಮ್ಮಾ, ಓಡ್ಬೇಡ! ನಿಂತಿದೆ!"

ಅವಳು ಚಕ್ರವನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ನೆರಿಗೆ ಬಿಟ್ಟು, ಕಂಬಿ ಹಿಡಿದು, ಒಂದು ಕಾಲು ಇಟ್ಟು ನಿಂತಳು.

"ಬೇಗ ಹತ್ತಿ ಅಮ್ಮ, ಲೇಟಾಯ್ತು," ಎಂದ ಕಂಡಕ್ಟರ್.

"ಎಂತ ಅವಸರ ಮಾರಾಯ?" ಎಂದಳು ಅಮ್ಮ. "ನಿಲ್ಲಿಸಿದ್ದು ನಾಗನಿಗಲ್ವಾ? ನೀನು ಸರಿಯಾಗಿ ಕೈ ಮುಗಿ. ಅಷ್ಟರಲ್ಲಿ ನಾನು ಇನ್ನೊಂದು ಕಾಲು ಎತ್ತಿ ಇಡ್ತೇನೆ."