ಬಾಗಿಲ ಹುಚ್ಚಣ್ಣ ತಾಯಿಯಾದದ್ದು

ಮಧುಗಿರಿಯ ನಮ್ಮ ಆಸ್ಪತ್ರೆಗೆ ಬರುವವರು ಡಾಕ್ಟರಿಗೆ ಹೆದರುವುದಿಲ್ಲ, ಸೂಜಿಗೂ ಅಷ್ಟಾಗಿ ಹೆದರುವುದಿಲ್ಲ. ಹುಚ್ಚಣ್ಣನಿಗೆ ಹೆದರುತ್ತಾರೆ. ತುರ್ತು ಚಿಕಿತ್ಸೆಯ ವಾರ್ಡಿನ ಬಾಗಿಲು ಕಾಯುವ ಸೆಕ್ಯೂರಿಟಿ ಅವನು. ನಾನು ಅದೇ ವಾರ್ಡಿನ ನರ್ಸ್.

ಚನ್ನರಾಯನದುರ್ಗದ ಬಳಿಯ ಒಂದು ಹಟ್ಟಿಯವನು. ಕುರಿ ಕಾಯುತ್ತಲೇ ಮೀಸೆ ಬೆಳೆಸಿ, ಕುರಿ ಕಾಯುತ್ತಲೇ ಮೀಸೆ ನರೆಸಿದವನು. ಮಂಡಿ ನೋವು ಶುರುವಾದ ಮೇಲೆ ಮಂದೆಯನ್ನು ತಮ್ಮನಿಗೆ ಒಪ್ಪಿಸಿ, ನೀಲಿ ಅಂಗಿ ಹಾಕಿಕೊಂಡು ನಮ್ಮಲ್ಲಿಗೆ ಬಂದ. ಬೆಟ್ಟದ ಈ ಮಗ್ಗುಲಲ್ಲಿ ಕೂಗಿದರೆ ಆ ಮಗ್ಗುಲಿನ ಕುರಿ ತಲೆಯೆತ್ತುವಂಥ ಗಂಟಲು ಅವನದು. ಒಂದು ಕೈ ಚೌಕಟ್ಟಿಗೆ, ಇನ್ನೊಂದು ಕೈ ಬಂದವರ ಬೆನ್ನಿಗೆ. ನೋಯಿಸದೆ ನೂಕುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಒಮ್ಮೆ ಪಂಚಾಯ್ತಿ ಅಧ್ಯಕ್ಷರೊಬ್ಬರನ್ನು, ಕೊರಳಲ್ಲಿದ್ದ ಹಾರದ ಒಂದು ಎಸಳೂ ಉದುರದ ಹಾಗೆ ಹೊರಗೆ ಕಳಿಸಿದ್ದ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವನ ಎದೆ ಎರಡು ಬೆರಳು ಉಬ್ಬುತ್ತದೆ.

ಹೋದ ವರ್ಷ ತುಮಕೂರಿನಿಂದ ಮಕ್ಕಳ ಡಾಕ್ಟರ್ ಸ್ನೇಹಲತಾ ನಮಗೆ ತರಬೇತಿ ಕೊಡಲು ಬಂದರು. ಕಂಕುಳಲ್ಲಿ ಒಂದು ರಬ್ಬರ್ ಮಗು ಎತ್ತಿಕೊಂಡೇ ಕಾರಿನಿಂದ ಇಳಿದರು. ಉಸಿರು ನಿಂತ ಮಗುವಿಗೆ ಎದೆ ಒತ್ತುವುದು, ಬಲೂನಿನಂಥ ಚೀಲ ಅದುಮಿ ಗಾಳಿ ಕೊಡುವುದು ನಮಗೆ ಗೊತ್ತಿದ್ದದ್ದೇ. ಅವರು ಹೇಳಲು ಬಂದದ್ದು ಬೇರೆ. ಇಷ್ಟೆಲ್ಲ ನಡೆಯುವಾಗ ಮಗುವಿನ ತಾಯಿತಂದೆ ಬೇಕೆಂದರೆ ಒಳಗೇ ಇರಲಿ, ಅವರ ಪಕ್ಕದಲ್ಲಿ ನಮ್ಮವರೊಬ್ಬರು ಕದಲದೆ ನಿಲ್ಲಲಿ, ಏನು ನಡೆಯುತ್ತಿದೆ ಎಂದು ಸುಲಭದ ಮಾತಿನಲ್ಲಿ ಹೇಳುತ್ತಿರಲಿ.

ಡ್ಯೂಟಿ ಡಾಕ್ಟರ್ ವೃಷಭೇಂದ್ರಪ್ಪ ಕೂತಲ್ಲೇ ಕೈಯೆತ್ತಿದರು. "ಮೇಡಂ, ಇದು ದೊಡ್ಡ ಊರಿನ ಮಾತು. ಇಲ್ಲಿ ಒಬ್ಬರನ್ನ ಒಳಗೆ ಬಿಟ್ರೆ ಹಿಂದೆಯೇ ಒಂದು ಬಸ್ಸು ಜನ ಬರ್ತಾರೆ. ಅರ್ಧ ಜನ ಮೂರ್ಛೆ ಹೋಗ್ತಾರೆ, ಉಳಿದರ್ಧ ವಿಡಿಯೋ ತೆಗೀತಾರೆ."

ಹಿಂದಿನ ಸಾಲಿನಿಂದ ಹುಚ್ಚಣ್ಣ ಎದ್ದುನಿಂತ. ಅವನ ಸಂಕಟ ಬೇರೆಯೇ ಇತ್ತು. "ಮೇಡಮ್ಮಾರೇ, ಎಲ್ಲಾರ್ನೂ ಒಳೀಕ್ ಬುಟ್ಟು ಬುಡಾದಾದ್ರೆ ಬಾಗಿಲ್ತಾವ ನಾನ್ಯಾಕ್ ಬೇಕು? ಒಂದು ಪರದೆ ಕಟ್ಬುಡಿ."

ಸ್ನೇಹಲತಾ ನಕ್ಕು, "ಮಾತು ಸಾಕು, ಮಾಡಿ ನೋಡೋಣ. ಮೊದಲು ನೀವು ದಿನಾ ಮಾಡೋ ಹಾಗೇ ಮಾಡಿ," ಎಂದರು. ಒಬ್ಬರು ಎದೆ ಒತ್ತಲು, ನಾನು ಗಾಳಿ ಕೊಡಲು, ಇನ್ನೊಬ್ಬರು ಔಷಧಿಗೆ, ಹೀಗೆ ಎಲ್ಲರ ಕೈಗೂ ಕೆಲಸ ಸಿಕ್ಕಿತು. ತಾಯಿಯಾಗಲು ಮಾತ್ರ ಯಾರೂ ಉಳಿಯಲಿಲ್ಲ, ಹುಚ್ಚಣ್ಣನೊಬ್ಬನ ಹೊರತು.

ಆ ಮೀಸೆಯವನ ತಲೆಯ ಮೇಲೆ ಟವೆಲ್ಲಿನ ಸೆರಗು ಹೊದ್ದಿಸಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ. ರಬ್ಬರ್ ಮಗುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಹೆಸರೇನು?" ಎಂದು ಕೇಳಿದ. ಸ್ನೇಹಲತಾ ಅದಕ್ಕೆ ಹೆಸರಿಟ್ಟಿರಲಿಲ್ಲ.

"ಹೆಸರಿಲ್ದಿದ್ರೆ ಏನಂತ ಕೂಗ್ಕೊಂಡ್ ಅಳ್ಳಿ ನಾನು?" ಎಂದವನೇ ತಾನೇ ನಾಮಕರಣ ಮಾಡಿದ: ಚಿಕ್ಕರಾಜು.

ಆಟ ಶುರುವಾಯಿತು. "ಅಯ್ಯೋ ನನ್ ಚಿಕ್ಕರಾಜಾ!" ಎಂದು ಹುಚ್ಚಣ್ಣ ಹಾಕಿದ ಬೊಬ್ಬೆಗೆ ಹೊರರೋಗಿಗಳ ಸಾಲಿನವರು ಓಡಿಬಂದರು. ನಾವು ಮೂರು ಸಲ ಎದೆ ಒತ್ತುವಷ್ಟರಲ್ಲಿ ಅವನು ಮಗುವನ್ನು ನಮ್ಮ ಕೈಕೆಳಗಿನಿಂದ ಸೆಳೆದುಕೊಂಡು, "ಇಲ್ಲಿ ಆಗಾಕಿಲ್ಲ, ತುಮಕೂರಿಗೆ ಒಯ್ತೀನಿ" ಎಂದು ಬಾಗಿಲ ಕಡೆ ನಡೆದೇ ಬಿಟ್ಟ.

ಅವತ್ತು ಸೆಕ್ಯೂರಿಟಿಯ ಪಾತ್ರ ಸ್ಟ್ರೆಚರ್ ತಳ್ಳುವ ದೇವರಾಜುವಿಗೆ. ಇಷ್ಟು ವರ್ಷ ನೋಡಿ ನೋಡಿ ಕಲಿತದ್ದನ್ನೆಲ್ಲ ಅವನು ತೋರಿಸಿಬಿಟ್ಟ. "ಏ ಯಾರಮ್ಮ ಅದು! ಇದೇನು ಸಂತೆ ಅಂದ್ಕಂಡಿದ್ದೀಯಾ? ಈಚೆ ನಡಿ!" ಎನ್ನುತ್ತ ಬೊಂಬೆಯನ್ನು ಕಸಿದು ಮಂಚಕ್ಕೆ ಹಾಕಿ, ಒಂದು ಕೈ ಚೌಕಟ್ಟಿಗೆ, ಒಂದು ಕೈ ಬೆನ್ನಿಗೆ ಕೊಟ್ಟು, ಹುಚ್ಚಣ್ಣನನ್ನು ಅವನದೇ ಬಾಗಿಲಿನಿಂದ ಹೊರಗೆ ನೂಕಿ ಚಿಲಕ ಹಾಕಿದ. ಹುಬ್ಬು ಗಂಟಿಕ್ಕಿದ್ದು ಸಹ ಹುಚ್ಚಣ್ಣನ ಹಾಗೆಯೇ ಇತ್ತು.

ಆಮೇಲೆ ನಾವು ನಮ್ಮ ಕೆಲಸದಲ್ಲಿ ಮುಳುಗಿದೆವು. ಯಾರೋ ಸ್ಟೀಲ್ ತಟ್ಟೆ ಬೀಳಿಸಿದರು. ಯಾರೋ ನಕ್ಕರು. ಒಮ್ಮೆ ಎಲ್ಲರೂ ಸುಮ್ಮನಾದೆವು. ಆಟ ಮುಗಿದು ಟೀ, ಬೋಂಡ ಬಂತು. ತಿಂದೆವು. ಹೊರಗೊಬ್ಬ ತಾಯಿ ನಿಂತಿದ್ದಾಳೆಂಬುದು ಯಾರಿಗೂ ನೆನಪಾಗಲಿಲ್ಲ.

ಬಾಗಿಲು ತೆಗೆದಾಗ ಅವನು ಅಲ್ಲೇ ನಿಂತಿದ್ದ. ಸೆರಗು ಇನ್ನೂ ತಲೆಯ ಮೇಲಿತ್ತು.

"ಏನಾಯ್ತು ಸಿಸ್ಟ್ರೇ?" ಅಂದ.

"ಏನು, ಏನಾಯ್ತು?"

"ಮಗೀಗೆ."

ನನ್ನ ಕೈಯಲ್ಲಿ ಅರ್ಧ ಬೋಂಡ ಇತ್ತು. ಅವನು ಮತ್ತೆ, ತನಗೆ ತಾನೇ ಹೇಳಿಕೊಳ್ಳುವವನಂತೆ, "ತಟ್ಟೆ ಬಿತ್ತಲ್ಲ, ಆವಾಗ ಮುಗೀತು ಅನ್ಕಂಡೆ. ನಕ್ರಲ್ಲ, ಆವಾಗ ಬದುಕ್ತು ಅನ್ಕಂಡೆ. ಆಮ್ಯಾಕೆ ಸದ್ದೇ ಇಲ್ಲ. ಥೂ, ಬೊಂಬೆ ಕಣ್ಲಾ ಅದು ಅಂತ ನಂಗ್ ನಾನೇ ಹೇಳ್ಕಂಡ್ರೂ ಕಿವಿ ಬಾಗ್ಲಿಗೇ ಅಂಟ್ಕಂಡಿತ್ತು," ಎಂದ.

ಸ್ನೇಹಲತಾ ಮೇಡಂ ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾವೇ ಟೀ ತಂದುಕೊಟ್ಟರು. ಕುಡಿದು ಮುಗಿಸಿದ ಮೇಲೆ ಅವನು ಕೇಳಿದ್ದು ಒಂದೇ. "ಆ ತಾಯಿ ಪಕ್ಕದಲ್ಲಿ ನಿಲ್ಲೋ ಕೆಲ್ಸ ನಂಗೆ ಕೊಡಿ."

ಕೊಟ್ಟರು. ಆದರೆ ಅಷ್ಟರಿಂದಲೇ ಹುಚ್ಚಣ್ಣ ಪಳಗಿಬಿಟ್ಟ ಎಂದುಕೊಳ್ಳಬೇಡಿ. ಅಭ್ಯಾಸದಲ್ಲಿ ಅವನಷ್ಟು ತಪ್ಪು ಮಾಡಿದವರು ಇನ್ನೊಬ್ಬರಿಲ್ಲ. ತಾಯಿಯ ಪಾತ್ರ ಮಾಡುತ್ತಿದ್ದ ನನಗೆ, "ಏನೂ ಆಗಾಕಿಲ್ಲ ಕಣಮ್ಮ, ಸಂಜೀಕೆ ಎದ್ದು ಗೋಲಿ ಆಡ್ತಾನೆ" ಎಂದು ಭಾಷೆಯನ್ನೇ ಕೊಟ್ಟುಬಿಟ್ಟ. ಗೊತ್ತಿಲ್ಲದ್ದನ್ನು ಗೊತ್ತು ಎನ್ನಬಾರದು ಎಂದು ಮೇಡಂ ತಿದ್ದಿದರು. ಮುಂದಿನ ಸಲ, "ನಂಗೇನೂ ಗೊತ್ತಿಲ್ಲ, ನನ್ನ ಕೇಳಬ್ಯಾಡ" ಎಂದು ಗೋಡೆ ನೋಡುತ್ತ ನಿಂತ. ಪಿಸುಮಾತಿನಲ್ಲಿ ಹೇಳು ಎಂದರೆ ಆ ಪಿಸುಮಾತು ಎಕ್ಸ್‌ರೇ ಕೋಣೆಗೆ ಕೇಳಿಸುತ್ತಿತ್ತು.

ಮನೆಯಲ್ಲೂ ಅಭ್ಯಾಸ ನಡೆಯಿತು. ಅವನ ಹೆಂಡತಿ ನಾಗಕ್ಕ ಒಂದು ದಿನ ಬುತ್ತಿ ಕೊಡಲು ಬಂದವಳು ನನ್ನೆದುರು ದೂರು ಹೇಳಿದಳು. "ಒಲೆ ಪಕ್ಕ ಕುಂತ್ಕಂಡು, 'ಈಗ ಎಸರು ಇಟ್ಟವ್ರೆ ಕಣಮ್ಮ, ಕುದಿಯಾಕೆ ವಸಿ ಹೊತ್ತು ಬೇಕು, ನಾನಿಲ್ಲೇ ಇರ್ತೀನಿ' ಅಂತ ನನ್ ಕೈ ಹಿಡ್ಕಂತಾನೆ ಸಿಸ್ಟ್ರೇ! ಎಸರು ಇಟ್ಟೋಳು ನಾನು! ಮದ್ವೆಯಾದಾಗಿಂದ ಒಲೆ ತಾವ ಬರ್ದೋನು!"

ಹೇಳುವಾಗ ಮುಖ ಗಂಟಿಕ್ಕಿಕೊಂಡಿದ್ದಳು. ದನಿಯಲ್ಲಿ ಮಾತ್ರ ಕೋಪ ಇರಲಿಲ್ಲ.

ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ, ಪಾವಗಡದ ಕಡೆಯಿಂದ ಬರುತ್ತಿದ್ದ ಬಸ್ಸು ನಿಲ್ದಾಣಕ್ಕೆ ಹೋಗದೆ ಹಾರನ್ ಒತ್ತುತ್ತ ನೇರ ನಮ್ಮ ಆಸ್ಪತ್ರೆಯ ಅಂಗಳಕ್ಕೇ ನುಗ್ಗಿತು. ಬಲಸಮುದ್ರದ ರಾಮಾಂಜಿನಮ್ಮ ಎಂಬ ಹೆಂಗಸು ಎರಡು ವರ್ಷದ ಮೊಮ್ಮಗಳನ್ನು ಮಧುಗಿರಿಯ ಮಗಳ ಮನೆಗೆ ಕರೆತರುತ್ತಿದ್ದಳು. ಊರ ಬಾಗಿಲಿಗೆ ಬರುವ ಹೊತ್ತಿಗೆ ಮಗುವಿನ ಉಸಿರು ಕಟ್ಟಿತ್ತು. ಕಂಡಕ್ಟರ್ ಮಗುವನ್ನು ಎತ್ತಿಕೊಂಡು ಒಳಗೋಡಿ ಬಂದ. ತುಟಿ ನೀಲಿಯಾಗಿ, ಕೈಕಾಲು ಜೋತುಬಿದ್ದಿದ್ದವು. ಅವನ ಹಿಂದೆ, ವೃಷಭೇಂದ್ರಪ್ಪನವರು ಹೆದರಿದ್ದಂತೆಯೇ, ಒಂದು ಬಸ್ಸು ಜನ.

"ಫಿಟ್ಸು ಸಾ!" "ಬಿಸಿಲು ಹೊಡ್ದೈತೆ!" "ವಾಂತಿ ಬಂದಿತ್ತು!"

"ಹೋಯ್!" ಎಂದ ಹುಚ್ಚಣ್ಣ. ಬಸ್ಸಿನವರೆಲ್ಲ ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ನಡುವೆ ಸಿಕ್ಕಿಹಾಕಿಕೊಂಡಿದ್ದ ಅಜ್ಜಿಯ ರಟ್ಟೆ ಹಿಡಿದು, "ನೀನು ಬಾರಮ್ಮ" ಎಂದು ಒಳಗೆ ಕರೆದುಕೊಂಡು ಬಂದು ಮಂಚದ ತಲೆಭಾಗ ಬಿಟ್ಟು ಕಾಲ ಕಡೆ ನಿಲ್ಲಿಸಿದ.

ಅವಳಿಗೆ ತೆಲುಗು ಬಿಟ್ಟು ಬೇರೆ ಬರದು. ಹುಚ್ಚಣ್ಣನ ತೆಲುಗು ಮಡಕಶಿರಾದವರೆಗೆ ಕುರಿ ಮೇಯಿಸಿಕೊಂಡು ಹೋದಾಗ ಅಂಟಿಕೊಂಡದ್ದು. ಮೇವು, ನೀರು, ತೋಳ ಇವಕ್ಕೆ ಸಾಲುತ್ತಿತ್ತು, ಆಸ್ಪತ್ರೆಗೆ ಸಾಲದು. ಅಂತೂ ಇದ್ದದ್ದನ್ನೇ ಕೂಡಿಸಿಕೊಂಡ. ವೃಷಭೇಂದ್ರಪ್ಪನವರು ಎದೆ ಒತ್ತಲು ಶುರುಮಾಡಿದ್ದನ್ನು ನೋಡಿ ಅಜ್ಜಿ ಚೀರಿದಾಗ, "ಗುಂಡೆಕಿ ಅಮ್ಮಾ, ಗುಂಡೆಕಿ" ಎಂದು ತನ್ನ ಎದೆ ಮುಟ್ಟಿ ತೋರಿಸಿದ. ನಾನು ಚೀಲ ಅದುಮಿದಾಗ, "ಗಾಲಿ ಇಸ್ತಾವುಂಡಾರು" ಎಂದು ಬಾಯಿಂದ ಊದಿ ತೋರಿಸಿದ.

ಆದರೆ ಗಾಳಿ ಒಳಗೆ ಹೋಗುತ್ತಿರಲಿಲ್ಲ. "ಏನು ತಿಂದಿತ್ತು ಕೇಳು!" ಎಂದು ಡಾಕ್ಟರ್ ಕೂಗಿದರು.

"ಪಾಪ ಏಮಿ ತಿನಿಂದಿ ಅಮ್ಮಾ?"

"ಶೆನಕ್ಕಾಯ್..." ಎಂದಳು ಅಜ್ಜಿ. ಅವಳ ಮುಷ್ಟಿಯಲ್ಲಿ ಸಿಪ್ಪೆಗಳು ಇನ್ನೂ ಇದ್ದವು.

"ಕಡ್ಲೆಕಾಯಿ ಸಾ!"

ವೃಷಭೇಂದ್ರಪ್ಪನವರು ಬಾಯೊಳಗೆ ದೀಪದ ಸಾಧನ ಇಳಿಸಿ ಇಣುಕಿದರು. ಕಾಣಲಿಲ್ಲ. ಮತ್ತೆ ಎದೆ ಒತ್ತಿದರು. ಆ ಹೊತ್ತಿನಲ್ಲೇ ಅಜ್ಜಿ ಹುಚ್ಚಣ್ಣನ ಕಡೆ ತಿರುಗಿ ಕೇಳಿದಳು: "ಬತುಕುತುಂದಾ?" ಬದುಕುತ್ತದಾ?

ಅವನ ಬಾಯಿ ತೆರೆದದ್ದು ನಾನು ನೋಡಿದೆ. ಗೋಲಿಯ ಮಾತು ನಾಲಿಗೆ ತುದಿಗೆ ಬಂದಿರಬೇಕು. ನುಂಗಿಕೊಂಡ. "ತೆಲೀದಮ್ಮಾ," ಎಂದ, ಗೊತ್ತಿಲ್ಲ ಅಂತ. "ನೇನು ಇಕ್ಕಡೇ ಉಂಟಾ," ನಾನಿಲ್ಲೇ ಇರ್ತೀನಿ ಎಂದು ಹೇಳಿ, ಅವಳ ಕೈ ಹಿಡಿದು ಮಗುವಿನ ಪಾದದ ಮೇಲೆ ಇಡಿಸಿದ. ಅವಳು ಆ ಪಾದವನ್ನು ಉಜ್ಜುತ್ತ "ಬುಜ್ಜೀ, ಬುಜ್ಜೀ" ಎನ್ನತೊಡಗಿದಳು. ನಮ್ಮ ಯಾರ ಕೈಗೂ ಅಡ್ಡ ಬರಲಿಲ್ಲ.

ಎರಡನೇ ಸಲ ಇಣುಕಿದಾಗ ಕಂಡಿತು. ಇಕ್ಕಳದ ತುದಿಯಲ್ಲಿ ಅರ್ಧ ಕಡಲೆಬೀಜ ಹೊರಬಂತು. ಎರಡು ಸಲ ಚೀಲ ಅದುಮುವಷ್ಟರಲ್ಲಿ ಮಗುವಿನ ಎದೆ ಏರಿತು, ಆಮೇಲೆ ಅದು ತಾನೇ ಉಸಿರೆಳೆದುಕೊಂಡು ಕಿಟಾರನೆ ಅತ್ತಿತು. ಹೊಸ್ತಿಲಾಚೆ ಬಸ್ಸಿಗೆ ಬಸ್ಸೇ ಚಪ್ಪಾಳೆ ಹೊಡೆಯಿತು.

ಮಗುವನ್ನು ತುಮಕೂರಿಗೆ ಕಳಿಸುವ ಏರ್ಪಾಡು ಮಾಡಿ ಬಂದರೆ ಹುಚ್ಚಣ್ಣ ಆಂಬುಲೆನ್ಸ್ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದ. "ಸಿಸ್ಟ್ರೇ, ಈಗ ಅಳಬೋದಾ? ಅದ್ನ ಮೇಡಮ್ಮಾರು ಹೇಳ್ಕೊಟ್ಟಿಲ್ಲ" ಎಂದ. ಅಳಬಹುದು ಎಂದೆ. ಅತ್ತ, ಆದರೆ ಒಂದು ಸದ್ದೂ ಬರಲಿಲ್ಲ. ಅಷ್ಟು ದೊಡ್ಡ ಗಂಟಲು ಅವತ್ತೊಂದು ದಿನ ಕೈಕೊಟ್ಟಿತ್ತು. ವೃಷಭೇಂದ್ರಪ್ಪನವರು ಬಂದು ಅವನ ಪಕ್ಕ ಕೂತು, "ಅಜ್ಜಿ ಒಳಗಿಲ್ದಿದ್ರೆ ಫಿಟ್ಸು ಅಂತಲೇ ಹೋಗ್ತಿದ್ದೆ ಕಣಯ್ಯಾ" ಎಂದಷ್ಟೇ ಹೇಳಿ ಎದ್ದುಹೋದರು.

ಈಗ ಸ್ನೇಹಲತಾ ಮೇಡಂ ಎಲ್ಲಿ ತರಬೇತಿ ಮಾಡಿದರೂ ತಾಯಿ ಹುಚ್ಚಣ್ಣನೇ. ಸಿರಾದಲ್ಲಿ ಒಬ್ಬ ಸೆಕ್ಯೂರಿಟಿ, "ಅರೆ ಅಮ್ಮಾಜಾನ್, ಮೀಸೆ ಜೋರಾಗಿದೆ" ಎಂದನಂತೆ. ಇವನು ನಗದೆ ಅವನ ಹೆಗಲ ಮೇಲೆ ಬಿದ್ದು ಅತ್ತದ್ದಕ್ಕೆ ಅವನೇ ಗಾಬರಿಯಾಗಿ ಕುರ್ಚಿ ಹುಡುಕಿಕೊಂಡು ಓಡಿದನಂತೆ.

ಹೋದ ತಿಂಗಳು ಕೊರಟಗೆರೆಯಲ್ಲಿ ಮೇಡಂ ಆಟದ ಕೊನೆ ಬದಲಿಸಿದರು. ಅವತ್ತು ಮಗು ಉಳಿಯುವುದಿಲ್ಲ. ಅದನ್ನು ತಾಯಿಗೆ ಹೇಳುವ ಪಾಲು ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರ್ ನವೀನ್‌ಕುಮಾರನಿಗೆ ಬಂತು. ಅವನು ಮಂಡಿಯೂರಿ ಕೂತು, ಸುತ್ತಿ ಬಳಸದೆ, "ಅಮ್ಮ, ನಿಮ್ಮ ಮಗು ತೀರಿಕೊಂಡಿದೆ" ಎಂದ. ಹೇಳಿದವನೇ ತಾನೇ ಅತ್ತುಬಿಟ್ಟ. ಹುಚ್ಚಣ್ಣನಿಗೆ ತಾಯಿಯಾಗಿ ಆಡಬೇಕಾದ ಮಾತು ಮರೆತೇಹೋಯಿತು. ಮೇಡಂ ಆಟ ಮುಗಿಯಿತೆಂದರೂ ಇಬ್ಬರೂ ಏಳಲಿಲ್ಲ.

ಮಾರನೆಯ ದಿನ ಡ್ಯೂಟಿಗೆ ಬಂದವನನ್ನು, "ಆಮೇಲೆ ಏನು ಮಾಡಿದೆ?" ಎಂದು ಕೇಳಿದೆ.

"ಏನ್ ಮಾಡಾದು? ಉಂಡ್ಯಾ ಸಾ ಅಂತ ಕೇಳ್ದೆ. ಬೆಳಿಗ್ಗೆಯಿಂದ ಏನೂ ತಿಂದಿರ್ನಿಲ್ಲ ಆ ಹೈದ. ಬಸ್‌ಸ್ಟ್ಯಾಂಡ್ ಎದುರು ಹೋಟ್ಲಿಗೆ ಕರ್ಕಂಡೋದೆ. ಮೊದ್ಲು ಬ್ಯಾಡ ಬ್ಯಾಡ ಅಂದ. ಆಮ್ಯಾಕೆ ಎರಡು ಪ್ಲೇಟ್ ಚಿತ್ರಾನ್ನ ತಿಂದ ಕಣ್ ಸಿಸ್ಟ್ರೇ."