ರೆಂತಿನಿ ಅತ್ತಿಗೆಯ ಕೆಂಪು ಕಡಲಹೂ

ನನ್ನ ಅತ್ತಿಗೆ ರೆಂತಿನಿ ಮದುವೆಯಾಗಿ ಬಂದಾಗ ಅವಳಿಗೆ ಈಜು ಬರುತ್ತಿರಲಿಲ್ಲ. ಗುಡ್ಡದ ಮೇಲೆ ಲವಂಗ ಬೆಳೆಯುವವರ ಮನೆಯ ಹುಡುಗಿ. ಬಾಲಿಯ ಉತ್ತರದ ದಂಡೆಯಲ್ಲಿ, ಕಪ್ಪು ಮರಳಿನ ನಮ್ಮ ಊರಿನಲ್ಲಿ ಮೂರು ವರ್ಷದ ಮಕ್ಕಳೂ ನೀರಿಗೆ ಬೀಳುತ್ತವೆ, ತಾವೇ ಏಳುತ್ತವೆ. ಅತ್ತಿಗೆ ಮಾತ್ರ ಬೆಳಿಗ್ಗೆ ಎಳೆಗರಿಯ ತಟ್ಟೆಯಲ್ಲಿ ಹೂವು, ಅನ್ನದಗುಳು ಇಟ್ಟು ಕಡಲಿಗೆ ಕೈಮುಗಿಯಲು ಹೋದರೆ, ಅಲೆ ಪಾದಕ್ಕೆ ತಾಗುವ ಮೊದಲೇ ಮಿಡತೆಯಂತೆ ಹಿಂದಕ್ಕೆ ಹಾರುತ್ತಿದ್ದಳು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ನನ್ನಣ್ಣ ಸುದಾರ್ಯ ಮುಳುಗುಗಾರ. ದೋಣಿಯ ಮೇಲಿನ ಗಾಳಿಯಂತ್ರದಿಂದ ಬರುವ ಕೊಳವೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಆಳಕ್ಕೆ ಇಳಿದು, ದೂರದೇಶದವರ ಗಾಜಿನ ತೊಟ್ಟಿಗಳಿಗಾಗಿ ಬಣ್ಣದ ಮೀನು, ಕಡಲಹೂ ತರುತ್ತಿದ್ದ. ಕಡಲಹೂ ಅಂದರೆ ಹೂವಲ್ಲ, ಪ್ರಾಣಿ. ಬಂಡೆಯ ಸಂದಿಯಲ್ಲಿ ಪಾದ ಊರಿ, ಬೆರಳಿನಂಥ ನೂರಾರು ಎಳೆಗಳನ್ನು ನೀರಿಗೆ ಬಿಟ್ಟುಕೊಂಡು ಕೂತಿರುತ್ತದೆ. ಅದರಲ್ಲೊಂದು ಜಾತಿಗೆ ಎಳೆಯ ತುದಿಯಲ್ಲಿ ಮೇಕೆಯ ಮೊಲೆತೊಟ್ಟಿನ ಹಾಗೆ ಗುಳ್ಳೆ ಉಬ್ಬುತ್ತದೆ. ಗಿರಾಕಿಗಳು ಜೀವ ಬಿಡುವುದು ಈ ಗುಳ್ಳೆಗೆ.

ಅಣ್ಣ ತಂದದ್ದನ್ನು ಹಿತ್ತಲ ತೊಟ್ಟಿಗಳಲ್ಲಿ ನೋಡಿಕೊಳ್ಳುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಮೊಣಕಾಲುದ್ದದ ನೀರಿಗೆ ಅವಳು ಹೆದರುತ್ತಿರಲಿಲ್ಲ. ಅಲ್ಲಿ ಕೂತು ಅವಳು ನೋಡುವುದನ್ನು ಕಲಿತಳು. ನಾವು ಹಸಿರು, ಕಂದು, ಕೆಂಪು ಅಂತ ಮೂರು ಗುಂಪು ಮಾಡಿ ಮುಗಿಸುತ್ತಿದ್ದೆವು. ಅವಳು ಹಸಿರಲ್ಲೇ ಎಳೆ ಬಾಳೆಯೆಲೆಯ ಹಸಿರು, ಹಳೇ ತಾಮ್ರದ ಕಿಲುಬಿನ ಹಸಿರು ಎಂದು ಬೇರೆಬೇರೆ ಮಾಡುವಳು. ಕೆಂಪಿನಲ್ಲಿ ಪನ್ನೇರಳೆ ಹಣ್ಣಿನ ಕೆಂಪು ಬೇರೆ, ಸುಟ್ಟ ಇಟ್ಟಿಗೆಯದು ಬೇರೆ. ಎಳೆಯ ಬುಡ ಒಂದು ಬಣ್ಣ, ತುದಿ ಇನ್ನೊಂದು, ನಡುವಿನ ಬಾಯಿ ಮತ್ತೊಂದು.

ಒಮ್ಮೆ ಡೆನ್‌ಪಸಾರಿನಿಂದ ಬರುವ ದಲ್ಲಾಳಿ ವಿಬಾವ ಒಂದು ಕೆಂಪು ಕಡಲಹೂವನ್ನು ಮೆಚ್ಚಿ, "ಇದು ನನಗೇ," ಎಂದು ಹೇಳಿ ಹೋದ. ಮೂರು ದಿನ ಬಿಟ್ಟು ಬಂದರೆ ಗುಳ್ಳೆಗಳೆಲ್ಲ ಮಾಯ. ಎಳೆಗಳು ಶಾವಿಗೆಯ ಹಾಗೆ ಜೋತುಬಿದ್ದಿವೆ.

"ಏನಮ್ಮಾ, ನನ್ನದನ್ನ ಬೇರೆಯವರಿಗೆ ಕೊಟ್ಟು ಯಾವುದೋ ತಂದಿಟ್ಟಿದೀರಲ್ಲ?"

"ನಿಮ್ಮದೇ ಇದು, ಯಜಮಾನ್ರೇ."

"ನನ್ನ ಕಣ್ಣು ಕುರುಡಾ?"

"ಕುರುಡಲ್ಲ, ಅವಸರ ಜಾಸ್ತಿ. ಬಾಯಿ ಪಕ್ಕ ನೋಡಿ, ಹಸಿರು ಮಚ್ಚೆ. ಅವತ್ತೂ ಇತ್ತು. ಹತ್ತು ದಿನ ಬಿಡಿ. ಗುಳ್ಳೆ ಬಂದ್ರೆ ತಗೊಂಡು ಹೋಗಿ. ಬರದಿದ್ರೆ ನನ್ನ ಬೈಯಿರಿ."

ಎಂಟನೆಯ ದಿನ ಗುಳ್ಳೆ ಉಬ್ಬಿದವು. ವಿಬಾವ ಬರುವ ಬೆಳಿಗ್ಗೆ ಮತ್ತೆ ಇಳಿದುಹೋದವು. ಅವನು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನಗತೊಡಗಿದ. "ನಮ್ಮನೆಯವಳೂ ಹೀಗೇ ಕಣಮ್ಮಾ. ನೆಂಟರು ಬಂದಾಗಲೇ ಮುಖ ಊದಿಸಿಕೊಳ್ಳೋದು. ಇದು ಅದರ ಉಲ್ಟಾ, ಅಷ್ಟೇ." ಕೆಂಪನ್ನು ಅಲ್ಲೇ ಬಿಟ್ಟು, ಹಸಿರಿನ ಎರಡನ್ನು ಒಯ್ದ. ಕೆಂಪು ಹಾಗೆ ನಮ್ಮಲ್ಲೇ ಉಳಿಯಿತು.

ಅದರ ಮರುವರ್ಷ ಅಣ್ಣನ ಕಾಲು ಹೋಯಿತು. ತುಂಬಾ ಹೊತ್ತು ಆಳದಲ್ಲಿದ್ದು ಬೇಗ ಮೇಲೆ ಬಂದಿದ್ದ. ಹಾಗೆ ಬಂದರೆ ರಕ್ತದಲ್ಲಿ ಗಾಳಿ ಗುಳ್ಳೆಗಟ್ಟಿ ಕೈಕಾಲಿನ ಸ್ವಾಧೀನ ತಪ್ಪುತ್ತದೆ. ದೋಣಿಯಲ್ಲಿ ಮಲಗಿದವನಿಗೆ ದಂಡೆಯಲ್ಲಿ ಏಳಲಾಗಲಿಲ್ಲ. ಆಸ್ಪತ್ರೆಯಿಂದ ನಾಲ್ಕು ತಿಂಗಳ ಮೇಲೆ ಊರುಗೋಲು ಹಿಡಿದು ಬಂದ. ಬಂದವನು ಕಡಲಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕೂತುಬಿಟ್ಟ. ಕಾಫಿ ಆರಿಹೋದರೂ ಕುಡಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತಿಗೆ ಅವನೆದುರು ಹಗ್ಗದ ಸುರುಳಿ ತಂದು ಹಾಕಿದಳು. "ನನಗೆ ಈಜು ಕಲಿಸು."

"ಮೂವತ್ತನಾಲ್ಕು ವರ್ಷಕ್ಕಾ?"

"ಐವತ್ತಾಗೋವರೆಗೆ ಕಾಯ್ಲಾ?"

ಅವನನ್ನು ದೋಣಿಗೆ ಹತ್ತಿಸಿದ್ದು ನಾನು ಮತ್ತು ಪಕ್ಕದ ಮನೆಯವರು. ಹಗ್ಗದ ಒಂದು ತುದಿ ಅತ್ತಿಗೆಯ ಸೊಂಟಕ್ಕೆ, ಇನ್ನೊಂದು ಅಣ್ಣನ ಕೈಗೆ. ಇಡೀ ಊರು ದಂಡೆಯಲ್ಲಿ ನಿಂತಿತ್ತು.

"ಕಾಲು ಬಡಿ ಅಂದ್ರೆ ನೀರಿಗೆ ಹೊಡೀತಿದೀಯಲ್ಲೇ, ನಿಮ್ಮಪ್ಪನ ಎಮ್ಮೆಗೆ ಹೊಡೆದ ಹಾಗೆ!"

"ಅಷ್ಟು ಗೊತ್ತಿದ್ರೆ ನೀನೇ ಇಳಿದು ತೋರ್ಸು!"

ಆಡಿದ ಮೇಲೆ ಅವಳಿಗೆ ತಾನು ಆಡಿದ್ದೇನೆಂದು ಅರ್ಥವಾಯಿತು. ಅಣ್ಣ ಊರುಗೋಲು ಪಕ್ಕಕ್ಕಿಟ್ಟ, ದೋಣಿಯ ಅಂಚು ಹಿಡಿದು ಮೆಲ್ಲಗೆ ಜಾರಿ ನೀರಿಗೆ ಬಿದ್ದ. ನಾನು ಕೂಗಿಕೊಂಡೆ. ಆದರೆ ನೀರಿನಲ್ಲಿ ಅವನಿಗೆ ಕಾಲಿನ ಹಂಗಿರಲಿಲ್ಲ. ತೋಳಿನಲ್ಲೇ ತೇಲಿಕೊಂಡು ಅವಳ ಬಳಿ ಹೋಗಿ, ಗದ್ದಕ್ಕೆ ಕೈಕೊಟ್ಟು, "ಹೀಗೆ," ಎಂದ. ಕಾಲು ಹೋದಮೇಲೆ ಮೊದಲ ಬಾರಿಗೆ ಅವನು ನಕ್ಕದ್ದು ಅವತ್ತು.

ಈಜು ಬಂದಮೇಲೆ ಅತ್ತಿಗೆ ಆಳದ ಕಡೆ ಹೋಗಲಿಲ್ಲ. "ಅಲ್ಲಿಂದ ಕಿತ್ತು ತಂದದ್ದು ಸಾಕು," ಎಂದಳು. ಆ ಕೆಂಪು ಕಡಲಹೂವನ್ನು ಒಡಕು ಮಡಕೆಯೊಂದರಲ್ಲಿ ಕೂರಿಸಿ, ಎದೆಯುದ್ದ ನೀರಿನಲ್ಲಿ ಕಲ್ಲುಗಳ ನಡುವೆ ಇಟ್ಟಳು. ಕಡಲಹೂವಿಗೆ ಒಂದು ಗುಣ ಉಂಟು: ಮನಸ್ಸಾದರೆ ಒಂದು ಎರಡಾಗುತ್ತದೆ. ಪಾದವನ್ನು ಆ ಕಡೆಗೂ ಈ ಕಡೆಗೂ ಎಳೆದುಕೊಂಡು ನಡುವೆ ಹರಿಯುತ್ತದೆ. ಎರಡು ತುಂಡಿಗೂ ಬಾಯಿ ಮೂಡುತ್ತದೆ, ಬಣ್ಣ ಒಂದಿಷ್ಟೂ ಬದಲಾಗುವುದಿಲ್ಲ. ನಾಲ್ಕು ವರ್ಷದಲ್ಲಿ ಅದು ಹನ್ನೊಂದು ಮಡಕೆ ತುಂಬಿತು. ಬಣ್ಣ ಒಂದೇ, ಆಕಾರ ಮಾತ್ರ ಹನ್ನೊಂದು ಬಗೆ. ಒಂದಕ್ಕೆ ದುಂಡು ಗುಳ್ಳೆ, ಒಂದು ನೂಲಿನ ಉಂಡೆ, ಇನ್ನೊಂದಕ್ಕೆ ಅರ್ಧ ಹೀಗೆ ಅರ್ಧ ಹಾಗೆ. ಬಿಳಿ ಪಟ್ಟೆಯ ಮೀನು ಒಳಗೆ ಸಂಸಾರ ಹೂಡಿದರೆ ಗುಳ್ಳೆ ಬರುತ್ತದೆ ಎಂದು ಪಕ್ಕದ ಮನೆಯವನು ವಾದಿಸಿದ. ಅತ್ತಿಗೆ ಮೀನು ಬಿಟ್ಟು ನೋಡಿದಳು. ಮೀನಿದ್ದದ್ದು ಶಾವಿಗೆಯಾಯಿತು, ಇಲ್ಲದ್ದು ಉಬ್ಬಿತು. "ನೋಡ್ದ್ಯಾ? ಅದಕ್ಕೂ ನಿನ್ನ ಮಾತು ಕೇಳೋ ಮನಸ್ಸಿಲ್ಲ," ಎಂದು ಅವನನ್ನು ಛೇಡಿಸಿದಳು.

ಆಮೇಲೆ ಬಂದದ್ದು ಬಿಸಿನೀರಿನ ವರ್ಷ. ದಂಡೆಯ ನೀರು ಸ್ನಾನದ ನೀರಿನ ಹಾಗಾಯಿತು. ಹವಳವೆಲ್ಲ ಬೆಳ್ಳಗಾಯಿತು, ಅತ್ತಿಗೆಯ ಕೆಂಪೂ ದಿನದಿನಕ್ಕೆ ತೊಳೆದುಹೋಗಿ ಸೋಸಿದ ಗಂಜಿಯ ಬಣ್ಣಕ್ಕೆ ಬಂತು. ಹವಳದ ದಿಬ್ಬದ ಆಚೆ, ಮೂರಾಳಿನ ಆಳದಲ್ಲಿ ತಣ್ಣನೆಯ ಸೆಳೆತವಿತ್ತು. ಮಡಕೆಗಳನ್ನು ಅಲ್ಲಿಗೆ ಇಳಿಸಬೇಕೆಂದಳು.

"ಅಲ್ಲಿಗೆ ಬೇಡ," ಎಂದ ಅಣ್ಣ. "ನಾನು ಒಬ್ಬ ಸಾಕು ಈ ಮನೆಗೆ."

"ನೀನು ಗಾಳಿ ಕಚ್ಕೊಂಡು ಗಂಟೆಗಟ್ಟಲೆ ಕೂತೆ. ನಾನು ಒಂದೇ ಉಸಿರಲ್ಲಿ ಹೋಗಿ ಬರ್ತೀನಿ. ಹಗ್ಗ ನಿನ್ನ ಕೈಲೇ ಇರುತ್ತಲ್ಲ."

ಅಣ್ಣ ಒಂದೊಂದೇ ಮಡಕೆಯನ್ನು ಹಗ್ಗದಲ್ಲಿ ಇಳಿಬಿಟ್ಟ. ಅವಳು ಮುಳುಗಿ ಹೋಗಿ ಬಂಡೆಯ ನೆರಳಿಗೆ ಸೇರಿಸಿ ಬಂದಳು. ಹನ್ನೊಂದು ಸಲ. ಪ್ರತಿ ಸಲವೂ ಅವನು ತುಟಿಯಲ್ಲೇ ಎಣಿಸುತ್ತಿದ್ದುದನ್ನು ಹುಟ್ಟು ಹಿಡಿದು ಕೂತ ನಾನು ಕಂಡೆ. ಕೊನೆಯ ಸಲ ಅವಳು ಮೇಲೆ ಬಂದಾಗ ಅವಳಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದವನು ಅವನೇ.

ಆಮೇಲೆ ದಿನ ಬಿಟ್ಟು ದಿನ ಸಿಗಡಿಯ ಚೂರು ಒಯ್ದು ಪ್ರತಿಯೊಂದರ ಬಾಯಿಗೂ ಇಟ್ಟು ಬಂದಳು. ಊರವರು, "ಸತ್ತ ಹೆಣಕ್ಕೆ ಊಟ ಬಡಿಸ್ತಾಳೆ," ಎಂದರು. ಏಳು ಕರಗಿಯೇ ಹೋದವು. ಒಂದೊಂದು ಹೋದಾಗಲೂ ಖಾಲಿ ಮಡಕೆ ಮೇಲೆ ತಂದು, ಅಡುಗೆಮನೆಗೆ ಹೋಗಿ ಗೆಣಸು ಹೆಚ್ಚುತ್ತಾ ಕೂರುತ್ತಿದ್ದಳು. ನಾಲ್ಕು ಉಳಿದವು.

ಎಂಟನೆಯ ತಿಂಗಳು ಅವಳು ದೋಣಿಯ ಅಂಚಿಗೆ ಜೋತು, "ವರ್ಸಿಕಿ, ಇಳಿಯೇ, ಬೇಗ!" ಎಂದು ನನ್ನನ್ನು ಕರೆದಳು. ಕೆಳಗೆ ಹೋಗಿ ನೋಡಿದೆ. ಮಾಸಲು ಕಂದು ಮೈ, ಆದರೆ ಎಳೆಗಳ ತುದಿಯಲ್ಲಿ ತೆಳ್ಳಗೆ ಕೆಂಪು, ಮಗುವಿನ ಉಗುರಿನಷ್ಟು. ನೀರಿನೊಳಗೇ ಅತ್ತಿಗೆ ನನ್ನ ಕೈ ಹಿಂಡಿದಳು.

ಸುದ್ದಿ ತಿಳಿದು ವಿಬಾವ ಬಂದ. ಊರೂರು ಸುತ್ತಿದರೂ ಆ ಕೆಂಪು ಅವನಿಗೆ ಎಲ್ಲೂ ಸಿಕ್ಕಿರಲಿಲ್ಲವಂತೆ. ನಾಲ್ಕನ್ನೂ ಕೇಳಿದ.

"ಈಗ ಇಲ್ಲ. ಇವು ಎಂಟಾಗಲಿ, ಎಂಟು ಹದಿನಾರಾಗಲಿ. ಮಕ್ಕಳನ್ನ ಕೊಡ್ತೀನಿ, ತಾಯಿನ ಕೊಡಲ್ಲ."

"ಗುಳ್ಳೆ ಇರೋದೇ ಕೊಡ್ಬೇಕು ಮತ್ತೆ."

"ಅದನ್ನ ಅದರ ಹತ್ರಾನೇ ಕೇಳ್ಕೊಳ್ಳಿ."

ನೀರು ತಣ್ಣಗಾದ ಮೇಲೆ ಮಡಕೆಗಳು ಮತ್ತೆ ದಂಡೆಯ ಹತ್ತಿರಕ್ಕೆ ಬಂದವು. ಕಡಲಹೂಗಳು ಹದಿನಾರಾಗುವ ಹೊತ್ತಿಗೆ ಅತ್ತಿಗೆ ಎಂಟನ್ನು ಊರಿನ ಇತರ ಮುಳುಗುಗಾರರ ಹೆಂಡಂದಿರಿಗೆ ಮಡಕೆಸಮೇತ ಹಂಚಿದ್ದಳು. ಮರಿಗಳನ್ನು ಮಾರಿದ ಹಣದಲ್ಲೇ ಮನೆ ನಡೆಯುವಂತಾಗಿ ಒಬ್ಬಳ ಗಂಡ ಆಳಕ್ಕೆ ಹೋಗುವುದನ್ನು ಬಿಟ್ಟ, ಆಮೇಲೆ ಇನ್ನಿಬ್ಬರ ಗಂಡಂದಿರು. ಈಗ ಅತ್ತಿಗೆಗೆ ಅರವತ್ತಾಯಿತು. ಬೆಳಿಗ್ಗೆ ಇಳಿತದ ಹೊತ್ತಿಗೆ ಏಳೆಂಟು ಹೆಂಗಸರು ಎದೆಯುದ್ದ ನೀರಿನಲ್ಲಿ ನಿಂತು, ನಿಂದು ಗುಳ್ಳೆಯಾಯ್ತಾ, ನಂದು ಶಾವಿಗೆ, ಎಂದು ಕೂಗಾಡುತ್ತಿರುತ್ತಾರೆ. ಅಣ್ಣ ದೋಣಿಯಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಾನೆ. ಯಾರೂ ಕೇಳುವುದಿಲ್ಲ.