ದೇವರಿಗೆ ಬಿಟ್ಟ ಕಾರು

ಇಳಕಲ್ಲಿನ ಸೀರೆ ವ್ಯಾಪಾರಿ ಹೊಳಬಸಪ್ಪನವರದು ದೊಡ್ಡ ಕೈ ಎಂದು ಊರೇ ಹೇಳುತ್ತಿತ್ತು. ಅವರಿಂದ ದಾನ ತೆಗೆದುಕೊಂಡವರು ಮಾತ್ರ ಏನೂ ಹೇಳುತ್ತಿರಲಿಲ್ಲ. ಶಾಲೆಗೆ ಅವರು ಗೋಡೆ ಗಡಿಯಾರ ಕೊಟ್ಟರು. ಅದರ ಮುಳ್ಳು ಮೂರೂ ಹತ್ತಕ್ಕೆ ನಿಂತು ಎರಡು ವರ್ಷವಾಗಿತ್ತು. ಗುಡಿಗೆ ಗಂಟೆ ಕೊಟ್ಟರು, ಸೀಳಿದ್ದು. ಮಠಕ್ಕೆ ಆಕಳು ಕೊಟ್ಟರು. ಅದು ಹಾಲು ಕೊಡುವುದನ್ನು ಬಿಟ್ಟು ಒದೆಯುವುದೊಂದನ್ನು ಉಳಿಸಿಕೊಂಡಿತ್ತು. ಮನೆಯಲ್ಲಿ ಏನು ಕೆಟ್ಟರೂ ಹೆಂಡತಿ ರತ್ನಾಬಾಯಿ, "ಇದು ಯಾವ ದೇವರ ಪಾಲ್ರಿ?" ಎಂದು ಕೇಳುತ್ತಿದ್ದಳು. ಹೊಳಬಸಪ್ಪನವರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

೧೯೭೯ರಲ್ಲಿ ಅವರ ಹೊಸ ಕಾರು ಬಂತು. ಹೆಸರು ಬರೆಸಿ ಏಳು ವರ್ಷ ಪಾಳಿ ಕಾದ ಕಾರು. ಮೊದಲ ಸವಾರಿ ಬಾದಾಮಿ ಬನಶಂಕರಿಗೆ, ಮುಂದಿನ ಸೀಟಿನಲ್ಲಿ ನೀನು ಎಂದು ರತ್ನಾಬಾಯಿಗೆ ಆ ಏಳೂ ವರ್ಷ ಮಾತು ಕೊಟ್ಟಿದ್ದರು. ಹುಬ್ಬಳ್ಳಿಯಿಂದ ತಂದವನು ಅದನ್ನು ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ ಹೋದ. ಈಗ ಹಳೆಯ ಕಾರು ಯಾವ ದೇವರ ಪಾಲು ಎಂಬುದೊಂದೇ ಪ್ರಶ್ನೆ.

ಆ ಹಳೆಯ ಕಾರು ಊರ ತುಂಬ ಹೆಸರು ಮಾಡಿತ್ತು. ಹೊಳಬಸಪ್ಪನವರು ಗುಡೂರಿನ ನೇಕಾರರ ಮನೆಗಳಿಗೆ ಸೀರೆ ತರಲು ಹೋಗುವಾಗ ದಾರಿಯಲ್ಲಿ ಅದು ನಿಲ್ಲದ ಬೇವಿನ ಗಿಡ ಇರಲಿಲ್ಲ. ಕೊಳ್ಳುವವರು ಇರಲಿಲ್ಲ. ಗುಜರಿಯವನು ಕೂಡ, ಅದನ್ನು ಇಲ್ಲಿಯವರೆಗೆ ನೀವೇ ತಂದು ಮುಟ್ಟಿಸಬೇಕು ಎಂದ. ಆಗ ಅವರಿಗೆ ಗುಡೂರಿನ ಬೀರಪ್ಪ ದೇವರ ನೆನಪಾಯಿತು. ಅಲ್ಲಿಯ ಪೂಜಾರಿ ಮಾಳಪ್ಪ, ಬಸುರಿಯರನ್ನೂ ಬ್ಯಾನಿ ಬಂದವರನ್ನೂ ಹುನಗುಂದದ ದವಾಖಾನೆಗೆ ಒಯ್ಯಲು ದೇವರ ಹೆಸರಿನಲ್ಲಿ ಒಂದು ಗಾಡಿ ಬೇಕು ಎಂದು ಕೇಳಿಕೊಂಡು ತಿರುಗುತ್ತಿದ್ದ.

ಮಾಳಪ್ಪ ಬಂದು ಕಾರನ್ನು ನೋಡಿದ. ಅದನ್ನು ಮೂರು ಸಲ ತಾನೇ ತಳ್ಳಿದ್ದನಾದ್ದರಿಂದ ಹೆಚ್ಚು ನೋಡುವ ಅಗತ್ಯ ಬೀಳಲಿಲ್ಲ.

"ಕೊಟ್ಟದ್ದು ಹಿಂದ ಬರಬಾರದು ನೋಡಪಾ," ಎಂದರು ಹೊಳಬಸಪ್ಪನವರು. ಹೆಡ್‌ಮಾಸ್ತರರು ಧನ್ಯವಾದ ಬರೆದು ಗಡಿಯಾರವನ್ನು ವಾಪಸ್ ಕಳಿಸಿದ್ದು ಅವರ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತಿತ್ತು.

"ದೇವರಿಗೆ ಟಗರು ಬಿಟ್ಟಂಗ ಬಿಟ್ಟಬಿಡ್ರಿ ಸಾವಕಾರ್ರ. ಅರಿಶಿನದ ಭಂಡಾರ ಬಿದ್ದ ಮ್ಯಾಲ ದೇವರದು. ಹಿಂದ ಬರಂಗಿಲ್ಲ, ಯಾರೂ ಹೊಡಿಯಂಗಿಲ್ಲ, ಎಬ್ಬಸಂಗಿಲ್ಲ. ಆದ್ರ ಊನ ಇದ್ದದ್ದು ದೇವರಿಗೆ ನಡಿಯಂಗಿಲ್ಲ. ಭಂಡಾರ ಮುಟ್ಟಿ ಹೇಳಬೇಕಾಗತೈತಿ."

"ಅದಕ್ಕೇನ, ಹೇಳೂಣು."

ಭಾನುವಾರ ಬೆಳಿಗ್ಗೆ ಓಣಿ ತುಂಬ ಮಂದಿ ಸೇರಿದರು. ಡೊಳ್ಳು ಮೊಳಗಿತು. ಹೊಳಬಸಪ್ಪನವರು ಅರಿಶಿನದ ಭಂಡಾರದಲ್ಲಿ ಕೈಯಿಟ್ಟು, "ಒಂದೂ ಊನ ಇಲ್ಲ. ಕುದುರಿ ಐತಿ ಕುದುರಿ," ಎಂದು ಊರು ಕೇಳುವಂತೆ ಹೇಳಿದರು.

"ಇನ್ನೊಮ್ಮೆ ವಿಚಾರ ಮಾಡಿ ಹೇಳ್ರಿ," ಎಂದ ಮಾಳಪ್ಪ.

"ಎಷ್ಟ ಸಲ ಹೇಳಬೇಕೋ? ಇಲ್ಲಂದ್ರ ಇಲ್ಲ!"

ಮಾಳಪ್ಪ ಭಂಡಾರ ತೂರಿದ. ಗುಡೂರಿನ ಟ್ರ್ಯಾಕ್ಟರ್ ಡ್ರೈವರ್ ಚಂದಪ್ಪ ಕಾರು ಚಾಲೂ ಮಾಡಿದ. ಅದು ನಾಲ್ಕು ಮಾರು ಹೋಯಿತು, ಕೆಮ್ಮಿತು, ಶೆಡ್ಡಿನ ಬಾಗಿಲಿಗೆ ಸರಿಯಾಗಿ ಅಡ್ಡ ನಿಂತಿತು.

"ತಳ್ರಲೇ!" ಎಂದು ಹೊಳಬಸಪ್ಪನವರು ಕೂಗಿದರು. ಒಬ್ಬನೂ ಅಲುಗಲಿಲ್ಲ.

"ಹೆಂಗ ತಳ್ಳೂದ್ರಿ?" ಎಂದ ಮಾಳಪ್ಪ. "ದೇವರ ಟಗರು ಕುಂತೈತಿ. ಮನಸ್ಸಿಗೆ ಬಂದಾಗ ಏಳತೈತಿ."

ಎರಡು ದಿನ ಹೊಳಬಸಪ್ಪನವರು ದೇವರ ಮನಸ್ಸನ್ನು ಕಾದರು. ಮೂರನೆಯ ದಿನ ಮೆಕ್ಯಾನಿಕ್ ಕಾಳಪ್ಪನನ್ನು ಕರೆಸಿದರು. ಅವನು ಬಾನೆಟ್ಟಿನ ಮೇಲಿನ ಅರಿಶಿನ ಕಂಡು ಚಪ್ಪಲಿ ಬಿಟ್ಟು ಕೈಮುಗಿದ. "ಊನ ಇಲ್ಲಂತ ಭಂಡಾರ ಮುಟ್ಟೀರಿ. ನಾ ರಿಪೇರಿ ಮಾಡಿದ್ರ ನೀವು ಸುಳ್ಳ ಹೇಳಿದಂಗ ಆಗತೈತಿ," ಎಂದು ಹೇಳಿ ಚಹಾ ಕುಡಿದು ಹೋದ. ಹಗ್ಗ ಕಟ್ಟಿ ಎಳೆಯಲು ಬಂದ ಲಾರಿಯವನು ಕಾಯಿ ಒಡೆದು ಹೋದ. ಬರಬರುತ್ತ ಕಾರಿಗೆ ಕಂಬಳಿ ಬಂತು, ಊದಿನಕಡ್ಡಿ ಬಂತು. ದರ್ಶನಕ್ಕೆ ಬಂದವರಿಗೆ ನೀರು ಕೊಡುವುದು ದಾನಿಗಳ ಪಾಲಿಗೆ ಬಂತು.

ಹೊಸ ಕಾರು ಶೆಡ್ಡಿನೊಳಗೆ ಸಿಕ್ಕಿಬಿದ್ದಿತ್ತು. ಹೊಳಬಸಪ್ಪನವರು ದಿನಾ ಬೆಳಿಗ್ಗೆ ಅದರಲ್ಲಿ ಕೂತು ಹಾರ್ನ್ ಬಾರಿಸುತ್ತಿದ್ದರು. ಒಂದು ದಿನ ರತ್ನಾಬಾಯಿಯನ್ನೂ ಕರೆದು ಮುಂದಿನ ಸೀಟಿನಲ್ಲಿ ಕೂರಿಸಿದರು.

"ಬಾದಾಮಿಗೆ ಹೊಂಟಂಗ ಅನಸತೈತೇನ?"

"ಹೂಂನ್ರಿ. ಗಾಳಿ ಒಂದ ಇಲ್ಲ," ಎಂದಳು ಅವಳು.

ಶ್ರಾವಣದಲ್ಲಿ ಮಾಳಪ್ಪ ಏದುಸಿರು ಬಿಡುತ್ತ ಬಂದ. ಗುಡೂರಿನ ಹುಚ್ಚವ್ವನಿಗೆ ಹೆರಿಗೆ ಬ್ಯಾನಿ ಎದ್ದಿತ್ತು. "ಬದಲಿ ಬಿಡೂ ಪದ್ಧತಿ ಐತ್ರಿ. ಊನ ಇಲ್ಲದ್ದು ಒಂದು ಕೊಟ್ರ ಕುಂತದ್ದನ್ನ ನಾವ ಎಬ್ಬಸತೀವಿ. ಒಳಗಿಂದು ಕೊಡ್ರಿ," ಎಂದ.

"ಏಳು ವರ್ಷ ಪಾಳಿ ಕಾದೀನೋ ಮಾಳಪ್ಪ! ಇನ್ನ ಒಂದ ಮೈಲಿ ಓಡಿಲ್ಲ ಅದು."

ಹುಚ್ಚವ್ವನನ್ನು ಚಕ್ಕಡಿಯಲ್ಲಿ ಒಯ್ದರು. ಅವಳು ಉಳಿದಳು, ಕೂಸು ಉಳಿಯಲಿಲ್ಲ. ರತ್ನಾಬಾಯಿ ಆ ದಿನ ಒಲೆ ಹಚ್ಚಲಿಲ್ಲ. ಹೊಳಬಸಪ್ಪನವರಿಗೂ ನಿಜವಾಗಿ ಕೆಟ್ಟದೆನಿಸಿತು. ಅವರು ಹೊಸ ಕಾರಿನ ಮೆತ್ತನೆಯ ಸೀಟಿನಲ್ಲಿ ಕೂತು ಬಹಳ ಹೊತ್ತು ಮರುಗಿದರು.

ಮರು ವರ್ಷದ ಹೊತ್ತಿಗೆ ಹೊಸ ಕಾರಿನ ವೈರುಗಳನ್ನು ಇಲಿಗಳು ತಿಂದಿದ್ದವು. ಬ್ಯಾಟರಿ ಸತ್ತಿತ್ತು, ಗಾಲಿಗಳು ನೆಲಕ್ಕೆ ಅಂಟಿದ್ದವು. ಹಾರ್ನ್ ಕೂಡ ಬಾಯಿ ಮುಚ್ಚಿದ ದಿನ ಹೊಳಬಸಪ್ಪನವರ ಮನಸ್ಸು ಧಾರಾಳವಾಯಿತು. ಮಾಳಪ್ಪನಿಗೆ ಹೇಳಿ ಕಳಿಸಿದರು.

ಮಾಳಪ್ಪ ನಾಲ್ಕು ಮಂದಿಯೊಂದಿಗೆ ಬಂದ. "ಬಡವರ ಬ್ಯಾನಿ ನನಗ ನೋಡಾಕ ಆಗವಲ್ದು. ಬದಲಿ ಬಿಡತೀನಿ. ಹೊಸಾದು, ಒಮ್ಮಿನೂ ರಸ್ತೆ ಕಂಡಿಲ್ಲ," ಎಂದರು ಹೊಳಬಸಪ್ಪನವರು.

ಮಾಳಪ್ಪ ಕಾರಿನ ಸುತ್ತ ಒಂದು ಸಲ ತಿರುಗಿದ. ಇಲಿಯ ಹಿಕ್ಕೆಗಳನ್ನು ಕಂಡ. ಭಂಡಾರದ ಚೀಲ ಬಿಚ್ಚಿ ಮುಂದೆ ಹಿಡಿದು, "ಮುಟ್ಟಿ ಹೇಳ್ರಿ. ಊನ ಐತೋ, ಇಲ್ಲೋ?" ಎಂದ.

ಹೊಳಬಸಪ್ಪನವರ ಕೈ ರೂಢಿಯಂತೆ ಮುಂದೆ ಹೋಯಿತು. ಅದಕ್ಕಿಂತ ಮೊದಲು ರತ್ನಾಬಾಯಿಯ ಕೈ ಚೀಲದೊಳಗಿತ್ತು.

"ಊನ ಐತಿ," ಎಂದಳು ಅವಳು. "ಇದರಾಗೂ ಐತಿ, ಹೊರಗ ಕುಂತದ್ದರಾಗೂ ಐತಿ. ಮೊದಲಿಂದ ಇತ್ತು. ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾ ಬಾಯಿ ಮುಚ್ಚಿಕೊಂಡ ಕುಂತೆ."

ಹೊಳಬಸಪ್ಪನವರು ಚಾಚಿದ ಕೈಯನ್ನು ಹಿಂದೆಳೆದುಕೊಂಡರು. ಮಾಳಪ್ಪ ಮಾತ್ರ ಹೆಗಲ ಮೇಲಿನ ಹೊರೆ ಇಳಿಸಿದವನಂತೆ ಉಸಿರು ಬಿಟ್ಟ.

"ಹಂಗಾದ್ರ ಹೊರಗಿಂದು ದೇವರದಲ್ಲ ಬಿಡ್ರಿ, ನಿಮ್ಮದ," ಎಂದ. ಹೊರಗೆ ಹೋಗಿ ಕಂಬಳಿ ತೆಗೆದು ಝಾಡಿಸಿ ಹೆಗಲಿಗೆ ಹಾಕಿಕೊಂಡ. ನಾಲ್ವರೂ ಹಳೆಯ ಕಾರಿಗೆ ಕೈಕೊಟ್ಟರು. ಅಷ್ಟು ದಿನ ಏಳದ ಕಾರು ಒಂದೇ ನೂಕಿಗೆ ಸರಿದು ಶೆಡ್ಡಿನೊಳಗೆ ಹೋಗಿ ಹೊಸದರ ಪಕ್ಕ ನಿಂತಿತು.

"ಇಷ್ಟ ಸಲೀಸಿತ್ತೇನೋ ಮಾಳಪ್ಪ?" ಎಂದರು ಹೊಳಬಸಪ್ಪನವರು ಸಣ್ಣ ದನಿಯಲ್ಲಿ.

"ಈ ಮಾತು ಅವತ್ತ ಹೇಳಿದ್ರ ಅವತ್ತ ತಳ್ಳತಿದ್ವಿರಿ. ಹುಚ್ಚವ್ವನ ಕೂಸಿಗೆ ಈಗ ಹಲ್ಲ ಬರತಿದ್ವು."

ಮಾಳಪ್ಪ ಕೈ ತೊಳೆದುಕೊಂಡು ಗುಡೂರಿನ ದಾರಿ ಹಿಡಿದ. ಹೊಳಬಸಪ್ಪನವರು ಎರಡು ಕಾರುಗಳ ನಡುವೆ, ಯಾವುದಕ್ಕೂ ಒರಗದೆ ನಿಂತಿದ್ದರು. ರತ್ನಾಬಾಯಿ ಸೆರಗು ಹೊದ್ದು ಬಸ್‌ಸ್ಟ್ಯಾಂಡಿಗೆ ನಡೆದಳು. ಬಾದಾಮಿ ಬಸ್ಸು ನಿಂತಿತ್ತು, ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಊರು ದಾಟಿದ ಮೇಲೆ ಚೆನ್ನಾಗಿ ಗಾಳಿ ಬೀಸಿತು.